ಹೆಬ್ಬೆರಳು ಹೊರಗಿರಲಿ

ನಮ್ಮ ಮಾಮಾ ಇಡೀ ಜೀವಮಾನದಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೆ, ಒಂದೇ ಒಂದು ಸಲ ಹೊಡೆದಿದ್ದಾನೆ. ಆ ಹೊಡೆತಕ್ಕೆ ಆಸ್ಪತ್ರೆ ಸೇರಿದವನೂ ಮಾಮಾನೇ.

ಹಂಗಿಸುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ. ಆದರೆ ಸುಳ್ಳು ಬರೆದು ಏನು ಮಾಡಲಿ? ಹಂಗಿಸುವುದಕ್ಕಾಗಿಯೇ ಹೇಳುತ್ತಿದ್ದೇನೆ. ನಮ್ಮ ಬಳಗದಲ್ಲಿ ಹತ್ತು ವರ್ಷಗಳಿಂದ ಎಲ್ಲರೂ ಮಾಡಿಕೊಂಡು ಬಂದ ಕೆಲಸ ಇದು. ಅದರಲ್ಲಿ ಮುಂದಾಳು ನಾನೇ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಇರುವುದು ಇಚಲಕರಂಜಿಯಲ್ಲಿ, ವಿದ್ಯುತ್ ಮಗ್ಗಗಳ ಗದ್ದಲದ ನಡುವೆ. ಮಗ್ಗಕ್ಕೆ ಹೊಸ ಹಾಸು ಏರಿಸುವಾಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಣಿಗೆಯ ಸಂದಿಯಲ್ಲಿ ಪೋಣಿಸಬೇಕಾಗುತ್ತದೆ. ಅಲ್ಲಿಯವರು ಅದಕ್ಕೆ ವಹಿಫಣಿ ಎನ್ನುತ್ತಾರೆ. ಮಾಮಾನ ಕೆಲಸ ಅದೇ. ಬೆಳಗಿನಿಂದ ಸಂಜೆಯವರೆಗೆ ಕತ್ತು ಬಗ್ಗಿಸಿ ಕೂತು ಎಳೆ ಪೋಣಿಸುವ ಮನುಷ್ಯ. ಜಗಳವೆಂದರೆ ಎರಡು ಓಣಿ ಆಚೆಯಿಂದ ಸುತ್ತುಹಾಕಿಕೊಂಡು ಹೋಗುತ್ತಿದ್ದ. ಇಂಥವನು ಹೊಡೆದದ್ದಾದರೂ ಯಾರಿಗೆ?

ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮಾಮಾನ ಕೈಚೀಲಕ್ಕೆ ಕೈಹಾಕಿ ಎಳೆದ. ಚೀಲದೊಳಗೆ ಮಾಮಿಗೆಂದು ಆಗಷ್ಟೇ ಕೊಂಡ ಸೀರೆ ಇತ್ತು. ಸೀರೆ ಹೋದರೆ ಮನೆಗೆ ಹೋಗಿ ಏನು ಹೇಳುವುದು ಎಂಬ ಭಯಕ್ಕೇ ಇರಬೇಕು, ಮಾಮಾ ಕಣ್ಣು ಮುಚ್ಚಿಕೊಂಡು ಮುಷ್ಟಿಯಿಂದ ಕಳ್ಳನ ಹಣೆಗೆ ಗುದ್ದಿಬಿಟ್ಟ. ಟಕ್ ಎಂದು ಸದ್ದಾಯಿತು. ಕಳ್ಳನ ತಲೆ ಒಡೆಯಿತು, ಇನ್ನು ನನ್ನನ್ನು ಪೊಲೀಸರು ಹಿಡಿಯುತ್ತಾರೆ ಎಂದು ಮಾಮಾ ಕಣ್ಣು ತೆರೆದು ನೋಡಿದರೆ ಕಳ್ಳ ಹಣೆ ಸವರಿಕೊಳ್ಳುತ್ತ ನಿಂತಿದ್ದ. ಮುರಿದದ್ದು ಮಾಮಾನ ಕಿರುಬೆರಳಿನ ಕೆಳಗಿನ ಎಲುಬು. ನೋವಿಗೆ ಮಾಮಾ ಅಲ್ಲೇ ಕುಕ್ಕರಿಸಿ ಕೂತ. ಕಳ್ಳ ಬಗ್ಗಿ ನೋಡಿ ಮರಾಠಿಯಲ್ಲಿ, "ಲಾಗಲಂ ಕಾ ಕಾಕಾ?" ಎಂದು ಕೇಳಿ, ಚೀಲವನ್ನು ಮಾಮಾನ ಪಕ್ಕಕ್ಕಿಟ್ಟು ಹೋದನಂತೆ. ಪೆಟ್ಟಾಯಿತೇ ಎಂದು ಕೇಳಿದ ಕಳ್ಳ! ಕೈ ಮುರಿದದ್ದಕ್ಕಿಂತ ಈ ಕನಿಕರವೇ ಮಾಮಾನಿಗೆ ಹೆಚ್ಚು ನೋವು ಕೊಟ್ಟಿತು.

ಎರಡು ತಿಂಗಳು ಪ್ಲಾಸ್ಟರ್. ಎಳೆ ಪೋಣಿಸುವ ಬೆರಳು ಕೋಲಿನಂತೆ ನಿಂತಿತ್ತು. ಮನೆಯಲ್ಲಿ ಕೂತು ಮಾಮಾ ಯೋಚನೆ ಮಾಡಿದ. ನಾವೆಲ್ಲ ಕಷ್ಟಪಡುವುದು ಶುರುವಾದದ್ದು ಆವಾಗಿನಿಂದ.

ಮೊದಲಿಗೆ ಎಕ್ಸ್‌ರೇ ಬಂತು. ಮಾಮಾ ಅದನ್ನು ಹೊರಕೋಣೆಯ ಕಿಟಕಿಗೆ, ಬಟ್ಟೆ ಒಣಹಾಕುವ ಚಿಮಟಿಗೆ ಸಿಗಿಸಿ ತೂಗುಹಾಕಿದ. ಮನೆಗೆ ಬಂದವರು ಮೊದಲು ಎಕ್ಸ್‌ರೇ ನೋಡಬೇಕು, ಆಮೇಲೆ ಚಹಾ. "ತಲಿ ಅಂದ್ರ ಕಲ್ಲಿನ ಗುಂಡ. ಕೈ ಅಂದ್ರ ಇಪ್ಪತ್ತೇಳ ಕಡ್ಡಿ ಕಟ್ಟಿದ ಸಿವುಡು. ಕಡ್ಡೀಲೆ ಕಲ್ಲಿಗೆ ಯಾರರ ಹೊಡೀತಾರೇನ್ರಿ?" ಎಂದು ಕೇಳುವನು. ಇಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಮಾಮಿ ಒಳಗಿನಿಂದ ಕಪ್ಪು ತರುವಳು. ಮದುವೆಗೆ ಕರೆಯಲು ಬಂದವರು, ಗ್ಯಾಸ್ ಸಿಲಿಂಡರ್ ತಂದವರು, ಮತ ಕೇಳಲು ಬಂದವರು, ಯಾರಿಗೂ ವಿನಾಯಿತಿ ಇರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾಮಾ ವಿದ್ಯೆ ಹುಡುಕಿಕೊಂಡು ಹೊರಟ. ಹೊಡೆಯಲು ಕಲಿಯುವುದಕ್ಕಲ್ಲ, ಹೊಡೆದ ಮೇಲೂ ಕೈ ಉಳಿಸಿಕೊಳ್ಳುವುದನ್ನು ಕಲಿಯುವುದಕ್ಕೆ. ಮೊದಲು ಹೋದದ್ದು ಕೊಲ್ಹಾಪುರದ ಒಂದು ತಾಲೀಮಿಗೆ, ಅಂದರೆ ಗರಡಿಮನೆಗೆ. ಅಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಕೂತಿದ್ದ ಮುದಿ ಪೈಲ್ವಾನರ ಮುಂದೆ ಕೈಮುಗಿದು, ಎದುರಾಳಿಯ ಮುಖಕ್ಕೆ ಗುದ್ದುವಾಗ ಬೆರಳು ಹೇಗೆ ಕಾಪಾಡಿಕೊಳ್ಳುತ್ತೀರಿ ಎಂದು ಕೇಳಿದ. ಪೈಲ್ವಾನರು ಬಹಳ ಹೊತ್ತು ಇವನನ್ನೇ ನೋಡಿ, ನಾವು ಗುದ್ದುವುದೇ ಇಲ್ಲ, ಹಿಡಿಯುತ್ತೇವೆ, ಕುಸ್ತಿಯಲ್ಲಿ ಗುದ್ದಿದರೆ ಹೊರಗೆ ಹಾಕುತ್ತಾರೆ ಎಂದರಂತೆ. ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಮಾಮಾ ಕಿಟಕಿಯ ಎಕ್ಸ್‌ರೇ ಕಡೆ ಕೈತೋರಿಸಿದ.

ಅಲ್ಲಿಂದ ಇಚಲಕರಂಜಿಯ ಒಂದು ಕರಾಟೆ ಕ್ಲಾಸಿಗೆ ಸೇರಿದ. ಎಂಟು ಒಂಬತ್ತು ವರ್ಷದ ಮಕ್ಕಳ ಸಾಲಿನ ಕೊನೆಯಲ್ಲಿ ಬಿಳಿ ಅಂಗಿ ಚಡ್ಡಿ ಹಾಕಿಕೊಂಡು ನಲವತ್ತೈದರ ಮಾಮಾ ನಿಂತಿರುವ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ಬೇಸರವಾದಾಗ ತೆಗೆದು ನೋಡುತ್ತೇನೆ. ಮಾಸ್ತರರು ಹಲಗೆ ತಂದು ಗುದ್ದಿ ಮುರಿಯಿರಿ ಎಂದ ದಿನ ಮಾಮಾ, ಹಲಗೆ ನನಗೇನು ಮಾಡಿದೆ ಎಂದು ವಾದಕ್ಕಿಳಿದ. ಮಕ್ಕಳೂ ಅವನ ಪಕ್ಷ ವಹಿಸಿದರು. ಮರುವಾರದಿಂದ ಮಾಮಾ ಬರುವುದು ಬೇಡ ಎಂದು ಮಾಸ್ತರರು ವಿನಯದಿಂದ ಹೇಳಿಕಳಿಸಿದರು.

ಆಮೇಲೆ ಗ್ಲೌಸ್ ಬಂದವು. ಮುಷ್ಟಿಯುದ್ಧದವರು ಹಾಕಿಕೊಳ್ಳುವಂಥ, ಕುಂಬಳಕಾಯಿಯಷ್ಟು ದಪ್ಪದ ಕೆಂಪು ಗ್ಲೌಸ್. ಊರಿಂದೂರಿಗೆ ಹೋಗುವಾಗ ಚೀಲದಲ್ಲಿ ಅವು ಇರಲೇಬೇಕು. ಒಮ್ಮೆ ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ, ಅಂದರೆ ನಮ್ಮ ಮನೆಗೆ, ಬಸ್ಸಿನಲ್ಲಿ ಬರುತ್ತಿದ್ದ. ನಿಪ್ಪಾಣಿಯಲ್ಲಿ ಹತ್ತಿದ ಒಬ್ಬ ಕುಡುಕ ಕಂಡಕ್ಟರನ ಕಾಲರ್ ಹಿಡಿದ. ಬಸ್ಸಿನ ಮಂದಿ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ಕೂತರು. ಮಾಮಾ ಎದ್ದ. ಚೀಲದಿಂದ ಗ್ಲೌಸ್ ತೆಗೆದ. ಬಲಗೈಯದನ್ನು ಹಾಕಿಕೊಂಡು ಹಲ್ಲಿನಿಂದ ದಾರ ಬಿಗಿದ. ಎಡಗೈಯದನ್ನು ಹಾಕಿಕೊಂಡ ಮೇಲೆ ದಾರ ಕಟ್ಟಲು ಬೆರಳೇ ಇಲ್ಲ! ಪಕ್ಕದ ಸೀಟಿನ ಅಜ್ಜಿಯ ಮುಂದೆ ಕೈಚಾಚಿದ. ಅವಳು ಕೂಸಿಗೆ ಟೊಪ್ಪಿಗೆ ಕಟ್ಟಿದಂತೆ ನಿಧಾನವಾಗಿ ಕಟ್ಟಿಕೊಟ್ಟಳು. ಮಾಮಾ ತಿರುಗಿ ನೋಡುವಷ್ಟರಲ್ಲಿ ಸಂಕೇಶ್ವರ ಬಂದಿತ್ತು. ಕುಡುಕ ಅದೇ ಕಂಡಕ್ಟರನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದ. ಅಜ್ಜಿಯೂ ಇಳಿದುಹೋಗಿದ್ದಳು. ಗಂಟು ಬಿಚ್ಚುವವರು ಯಾರು? ಮಾಮಾ ಗಡಹಿಂಗ್ಲಜ ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ, ಎರಡೂ ಕೈಗೆ ಗ್ಲೌಸ್ ಹಾಕಿಕೊಂಡೇ ನಡೆದು ಬಂದ. ಕದ ತೆಗೆದ ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ ಗಂಟು ಬಿಚ್ಚಿದಳು. ನಾನು ಮಾತ್ರ ನಕ್ಕೂ ನಕ್ಕೂ ನೆಲಕ್ಕೆ ಕೂತೆ.

ವೈರಿ ಗಂಟು ಕಟ್ಟುವವರೆಗೆ ಕಾಯುವುದಿಲ್ಲ ಎಂಬ ಜ್ಞಾನ ಅವತ್ತು ಮಾಮಾನಿಗಾಯಿತು. ಗ್ಲೌಸನ್ನು ಅಟ್ಟಕ್ಕೆ ಎಸೆದ. ಬರಿಗೈಯನ್ನೇ ಕಾಪಾಡುವ ಶಾಸ್ತ್ರ ಶುರುವಾಯಿತು. ಹೆಬ್ಬೆರಳು ಮುಷ್ಟಿಯ ಹೊರಗಿರಬೇಕು, ಒಳಗಿದ್ದರೆ ಹೊಡೆದವನ ಬೆರಳೇ ಮುರಿಯುತ್ತದೆ. ಮಣಿಕಟ್ಟು ಸೊಟ್ಟಗಾಗಬಾರದು. ಬೆರಳ ಸಂದಿಯಲ್ಲಿ ಬೀಗದ ಕೈ ಹಿಡಿಯಬಾರದು, ಅದು ನಮ್ಮ ಚರ್ಮವನ್ನೇ ಹರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಟ್ಟಿ ಜಾಗಕ್ಕೆ ಮುಷ್ಟಿ ಬೇಡವೇ ಬೇಡ. ಬೆರಳು ಹಿಂದಕ್ಕೆ ಬಾಗಿಸಿ ಅಂಗೈಯ ಬುಡದಿಂದ ಹೊಡೆದು, ಓಡಬೇಕು. ಓಡುವುದನ್ನು ಮಾಮಾ ಒತ್ತಿ ಹೇಳುತ್ತಿದ್ದ. ಆ ಭಾಗ ನಮಗೆಲ್ಲ ಹೇಳಿಕೊಡದೆಯೇ ಬರುತ್ತಿತ್ತು.

ಈ ಶಾಸ್ತ್ರ ಜಯಸಿಂಗಪುರದ ಒಂದು ಮದುವೆಯಲ್ಲಿ ಬೆಳಕಿಗೆ ಬಂತು. ಊಟದ ಪಂಕ್ತಿಯಲ್ಲಿ ಯಾರು ಮೊದಲು ಕೂರಬೇಕೆಂದು ಬೀಗರ ನಡುವೆ ಜಗಳ ಹತ್ತಿತು. ಹೆಣ್ಣಿನ ಚಿಕ್ಕಪ್ಪ ಮುಷ್ಟಿ ಎತ್ತಿಯೇಬಿಟ್ಟರು. ಎಲ್ಲರೂ ಹಿಂದೆ ಸರಿಯುವಾಗ ಮಾಮಾ ಮುಂದೆ ನುಗ್ಗಿ ಆ ಎತ್ತಿದ ಕೈಯನ್ನು ಹಿಡಿದ. ಬಿಡಿಸಲಿಕ್ಕೆ ಎಂದುಕೊಂಡಿರಾ? ಇಲ್ಲ. "ಮಣಿಕಟ್ಟ ಸೊಟ್ಟ ಆಗೇತಿ ನೋಡ್ರಿ. ಹಿಂಗ ಹೊಡದ್ರ ನಾಳೆ ನಿಮಗ ಅಕ್ಷತಿ ಹಿಡಿಯಾಕ ಬರೂದಿಲ್ಲ" ಎಂದು ಅವರ ಕೈಯನ್ನು ನೆಟ್ಟಗೆ ಮಾಡಿ, ಭುಜ ಇಳಿಸಿ, ಕಾಲು ಅಗಲಿಸಿ ನಿಲ್ಲಿಸಿ, ಈಗ ಹೊಡೆಯಿರಿ ಎಂದು ಬದಿಗೆ ಸರಿದ. ಚಿಕ್ಕಪ್ಪನವರಿಗೆ ತಾವು ಯಾರಿಗೆ ಹೊಡೆಯಬೇಕೆಂದಿದ್ದೆವು ಎಂಬುದೇ ಮರೆತುಹೋಯಿತು. ಜಗಳ ತಣ್ಣಗಾಯಿತು. ಎರಡೂ ಕಡೆಯ ಹಿರಿಯರು ಮಾಮಾನಿಗೆ ಟೋಪಿ, ಟವೆಲು ಕೊಟ್ಟು ಶಾಂತಿದೂತನೆಂದು ಹೊಗಳಿದರು. ಮಾಮಾ ಮಾತ್ರ ವಾಪಸು ಬರುವಾಗ ದಾರಿಯುದ್ದಕ್ಕೂ ಪೆಚ್ಚಾಗಿದ್ದ. ಅಷ್ಟು ಚೆನ್ನಾಗಿ ನಿಲ್ಲಿಸಿದರೂ ಆ ಮನುಷ್ಯ ಹೊಡೆಯಲಿಲ್ಲವಲ್ಲ ಎಂದು.

ಆ ಟೋಪಿಯ ಹುರುಪಿನಲ್ಲಿ ಮಾಮಾ ತನ್ನ ಮನೆಯ ಮಾಳಿಗೆಯ ಮೇಲೆ ಹೆಂಗಸರಿಗೆ ಪಾಠ ಶುರುಮಾಡಿದ. ಶಿಷ್ಯೆಯರು ಐವರು: ಅವನ ಹೆಣ್ಣುಮಕ್ಕಳು ಇಬ್ಬರು, ನೆರೆಮನೆಯವಳೊಬ್ಬಳು, ರಜೆಗೆ ಹೋಗಿ ಸಿಕ್ಕಿಬಿದ್ದ ನಾನು, ಮತ್ತು ಮಾಮಿ. ನೀರಿನ ಟಾಕಿಗೆ ಹಳೆಯ ಗಾದಿ ಸುತ್ತಿ ಅದಕ್ಕೆ ಅಂಗೈಬುಡದಿಂದ ಬಡಿಯಲು ಹೇಳಿದ. ನಾವು ಬಡಿದೆವು. ಟಾಕಿ ಅಲುಗಾಡಲಿಲ್ಲ. ಕೊನೆಗೆ ಮಾಮಿಯ ಸರದಿ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಒಂದೇ ಒಂದು ಬಡಿದಳು ನೋಡಿ, ಗಾದಿಯ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂತು. ಮಾಮಾ ಬೆರಗಾಗಿ, ಎಲ್ಲಿ ಕಲಿತೆ ಎಂದು ಕೇಳಿದ.

"ಇಪ್ಪತ್ತ ವರ್ಷ ಆತ್ರಿ ನಿಮ್ಮ ಮನ್ಯಾಗ ರೊಟ್ಟಿ ಬಡ್ಯಾಕತ್ತ" ಎಂದಳು ಮಾಮಿ. "ನನ್ನ ಕೈ ಎಂದರ ಮುರದದ್ದ ನೋಡೀರೇನು?"

ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು. ಮಾಮಾ ಹತ್ತಿ ಆಯುತ್ತ ಕೂತ.

ಇಷ್ಟೆಲ್ಲ ನಡೆದ ಮೇಲೆ ನಾನು ಸುಮ್ಮನಿರಲು ಸಾಧ್ಯವೇ? ಬಳಗ ಸೇರಿದಲ್ಲೆಲ್ಲ ನನ್ನ ಒಂದು ಆಟ ಇದ್ದೇ ಇರುತ್ತಿತ್ತು. ಕಾಲುಚೀಲವನ್ನು ಕೈಗೆ ಹಾಕಿಕೊಂಡು ಬಸ್ಸಿನ ಅಜ್ಜಿಯ ಮುಂದೆ ಕೈಚಾಚುವ ಮಾಮಾ ಆಗುತ್ತಿದ್ದೆ. ಅತ್ತೆ, ಚಿಕ್ಕಮ್ಮಂದಿರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮಾಮಾ ಮೂಲೆಯಲ್ಲಿ ಕೂತು ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೂ ಸ್ವಲ್ಪ ನಗುತ್ತಿದ್ದ. ಅದೊಂದು ತಡವಾದ ನಗೆ. ಅದನ್ನೂ ನಾನು ಅನುಕರಿಸಿ ತೋರಿಸುತ್ತಿದ್ದೆ.

ಹೋದ ಚಳಿಗಾಲದ ಮಾತು. ಗಡಹಿಂಗ್ಲಜದಲ್ಲಿ ನಾನು ಒಂದು ಹೊಲಿಗೆ ಕ್ಲಾಸು ನಡೆಸುತ್ತೇನೆ. ಪೇಟೆಯ ಬದಿಯ ಓಣಿಯಲ್ಲಿ, ಮಾಳಿಗೆಯ ಮೇಲೆ, ಆರು ಮಷಿನ್ನು. ಕೆಳಗೆ ಔಷಧದ ಅಂಗಡಿ. ಆ ದಿನಗಳಲ್ಲಿ ಬೈಕಿನ ಮೇಲೆ ಒಬ್ಬ ಹಿಂದೆ ಬೀಳತೊಡಗಿದ್ದ. ಮೊದಮೊದಲು ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದವನು ಆಮೇಲೆ ಮೆಟ್ಟಿಲ ಬುಡಕ್ಕೆ ಬಂದ. ನಾನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹೇಳಿದರೆ ಕ್ಲಾಸು ಮುಚ್ಚು ಎನ್ನುತ್ತಾರೆ. ಮಾಮಾನಿಗೆ ಹೇಳಿದರೆ? ಫೋನಿನಲ್ಲೇ ಮುಷ್ಟಿ ಕಟ್ಟಿಸುತ್ತಾನೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಹುಡುಗಿಯರು ಬೇಗ ಮನೆಗೆ ಹೋದರು. ನಾನು ಬೀಗ ಹಾಕಿ ಇಳಿಯುವಾಗ ಅವನು ಮೆಟ್ಟಿಲ ನಡುವೆ ನಿಂತಿದ್ದ. ಪಕ್ಕಕ್ಕೆ ಸರಿ ಎಂದೆ. ಸರಿಯಲಿಲ್ಲ. ನಕ್ಕ. ನನ್ನ ಎಡಗೈ ಹಿಡಿದು ಮೇಲಕ್ಕೆ, ಬೀಗ ಹಾಕಿದ ಬಾಗಿಲ ಕಡೆಗೆ ತಳ್ಳತೊಡಗಿದ.

ಆಗ ನನಗೆ ಅಂಗೈಬುಡ ನೆನಪಾಗಲಿಲ್ಲ. ಮಣಿಕಟ್ಟೂ ನೆನಪಾಗಲಿಲ್ಲ. ಮಾಮಾನ ಖಾಸಾ ಸೋದರಸೊಸೆ, ಅವನನ್ನು ಅಣಕಿಸಿ ಅಣಕಿಸಿ ಶಾಸ್ತ್ರವೆಲ್ಲ ಬಾಯಿಪಾಠ ಮಾಡಿಕೊಂಡವಳು, ಕೂಸು ಪೆಪ್ಪರಮೆಂಟು ಬಚ್ಚಿಟ್ಟುಕೊಂಡಂತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಅವನ ಮುಖಕ್ಕೆ ಗುದ್ದಿದೆ. ಗುದ್ದು ಮೂಗಿಗೆ ಬಿತ್ತು. ಅವನು ಕೈಬಿಟ್ಟು ಮುಖ ಹಿಡಿದುಕೊಂಡ. ನಾನು ಸಂದಿಯಲ್ಲಿ ನುಸುಳಿ ಓಡಿದೆ. ಔಷಧದ ಅಂಗಡಿಯವರು ಹೊರಗೆ ಬರುವುದರೊಳಗೆ ಅವನು ಬೈಕು ಹತ್ತಿದ್ದ. ಅಂಗಡಿಯ ಸ್ಟೂಲಿನ ಮೇಲೆ ಕೂತವಳಿಗೆ ಮೊದಲು ಕಂಡದ್ದು ಬಾತುಕೊಳ್ಳುತ್ತಿದ್ದ ಹೆಬ್ಬೆರಳು. ಅಯ್ಯೋ, ಇದನ್ನು ಮಾಮಾನಿಗೆ ಹೇಗೆ ತೋರಿಸಲಿ ಎಂಬುದೇ ಮೊದಲ ವಿಚಾರ ಎಂದರೆ ನೀವು ನಂಬುವುದಿಲ್ಲ.

ಡಾಕ್ಟರು ಬೆರಳಿನ ಬುಡದ ಎಲುಬು ಬಿರುಕು ಬಿಟ್ಟಿದೆ ಎಂದು ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅವ್ವ ಅಳುತ್ತ ತಮ್ಮನಿಗೆ ಫೋನು ಮಾಡಿದಳು. ನಾನು ಹಾಸಿಗೆಯ ಮೇಲೆ ಕೂತು ಉತ್ತರಗಳನ್ನು ಜೋಡಿಸಿಕೊಂಡೆ. ನಾ ಹೇಳಿದ್ದೆನಲ್ಲ ಎಂದರೆ ಏನು ಹೇಳಬೇಕು, ಎಕ್ಸ್‌ರೇ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕು, ಎಲ್ಲ ತಯಾರಾಗಿತ್ತು.

ಸಂಜೆ ಆರು ಗಂಟೆಗೆ ಮಾಮಾ ಬಂದ. ಮಗ್ಗದ ಶೆಡ್ಡಿನಿಂದ ಎದ್ದವನು ಹಾಗೆಯೇ ಬಂದಿದ್ದ. ಅಂಗಿಯ ತುಂಬ ನೂಲಿನ ಧೂಳು. ನನ್ನ ಕೈ ನೋಡಿದ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು, ಪೊಲೀಸ್ ಸ್ಟೇಶನ್ನಿಗೆ ಹೋಗಿ ಬಂದಿರಾ ಎಂದು ಅಪ್ಪನನ್ನು ಕೇಳಿದ. ಅಪ್ಪನಿಗೆ ಹೋಗುವ ಮನಸ್ಸಿರಲಿಲ್ಲ. ಹುಡುಗಿಯ ಹೆಸರು ನಾಲ್ಕು ಮಂದಿಯ ಬಾಯಿಗೆ ಬೀಳುತ್ತದೆ, ಆದದ್ದು ಆಯಿತು ಎಂದ. ಮಾಮಾ ಅಕ್ಕನ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ದಾಜೀ, ಪೋರಿ ಹೊಡದ ಬಂದಾಳ" ಎಂದ. "ನಾವ ಮನ್ಯಾಗ ಮುಚಗೊಂಡ ಕುಂತ್ರ, ಅಕಿ ಹೊಡದದ್ದ ತಪ್ಪಾಕ್ಕೈತಿ."

ಅಪ್ಪ ಎದ್ದು ಚಪ್ಪಲಿ ಹಾಕಿಕೊಂಡ.

ಸ್ಟೇಶನ್ನಿನಲ್ಲಿ ಹೆಣ್ಣುಮಗಳೊಬ್ಬಳು ನನ್ನ ಹೇಳಿಕೆ ಬರೆದುಕೊಂಡಳು. ಮಾಮಾ ಗೋಡೆಗೆ ಆನಿಕೊಂಡು ನಿಂತಿದ್ದ. ಪಕ್ಕದ ಮೇಜಿನ ಹವಾಲ್ದಾರರು ಕುತೂಹಲದಿಂದ, ಹೇಗೆ ಹೊಡೆದೆ, ಹೀಗಾ ಎಂದು ಮರಾಠಿಯಲ್ಲಿ ಕೇಳಿ ತಮ್ಮ ಮುಷ್ಟಿ ಎತ್ತಿ ತೋರಿಸಿದರು. ಅವರ ಹೆಬ್ಬೆರಳು ಒಳಗಿತ್ತು. ಮಾಮಾನ ತುಟಿ ಅಲುಗಿತು. ಒಂದು ಕ್ಷಣ ತಡೆದುಕೊಂಡ. ಆಮೇಲೆ ತಡೆಯಲಾರದೆ ಮುಂದೆ ಬಂದು, "ಸಾಹೇಬ, ಅಂಗಠಾ ಬಾಹೇರ" ಎಂದು ಸರಕಾರದ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು ಹೊರಗೆ ಎಳೆದು, ಮತ್ತೆ ಗೋಡೆಗೆ ಹೋಗಿ ನಿಂತ. ಹವಾಲ್ದಾರರು ತಮ್ಮ ಮುಷ್ಟಿಯನ್ನೇ ನೋಡುತ್ತ ಉಳಿದರು. ಬರೆಯುತ್ತಿದ್ದ ಹೆಣ್ಣುಮಗಳು ಮುಖ ಕೆಳಗೆ ಹಾಕಿಕೊಂಡು ನಕ್ಕಳು. ಬೆಳಗಿನಿಂದ ಮೊದಲ ಸಲ ನನಗೂ ನಗು ಬಂತು.

ಬೈಕಿನವನು ಎರಡೇ ದಿನಕ್ಕೆ ಸಿಕ್ಕ. ಬಾತ ಮೂಗು ಬಚ್ಚಿಡುವುದು ಕಷ್ಟ ನೋಡಿ. ಕೇಸು ಇನ್ನೂ ನಡೆದಿದೆ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಕ್ಲಾಸು ಮುಚ್ಚಿಲ್ಲ. ಬಾಗಿಲಿಗೆ ಬೀಗ ಹಾಕುವಾಗ ಔಷಧದ ಅಂಗಡಿಯವರು ಒಮ್ಮೆ ಮೆಟ್ಟಿಲ ಕಡೆ ಕತ್ತು ಹೊರಳಿಸಿ ನೋಡುತ್ತಾರೆ.

ನಾನು ಹೇಳಬೇಕೆಂದಿರುವುದು ಆ ರಾತ್ರಿಯ ಊಟದ ಸಂಗತಿ. ಸ್ಟೇಶನ್ನಿನಿಂದ ಬಂದ ಮೇಲೆ ಅವ್ವ ನನ್ನ ಮುಂದೆ ಅನ್ನ ಸಾರಿನ ತಾಟು ಇಟ್ಟಳು. ಎಡಗೈಯಿಂದ ಚಮಚ ಹಿಡಿಯಲು ಹೋಗಿ ಸಾರು ಚೆಲ್ಲಿದೆ. ಎದುರಿಗಿದ್ದ ಮಾಮಾ ಎದ್ದು ಕೈ ತೊಳೆದು ಬಂದು ನನ್ನ ಪಕ್ಕ ಕೂತ. ಅನ್ನ ಕಲಸಿದ. ನಾನು ಮೂವತ್ತು ದಾಟಿದವಳು. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ.

"ಎಷ್ಟ ದಿನ ಆಗಿತ್ತ ಅಂವಾ ಬೆನ್ನ ಹತ್ತಿ?" ಎಂದು ತಾಟಿನ ಕಡೆ ನೋಡುತ್ತಲೇ ಕೇಳಿದ.

"ಹದಿನೈದ ದಿನ."

"ನನಗ ಯಾಕ ಹೇಳ್ಲಿಲ್ಲ ಕೂಸ?"

"ಹೇಳಿದ್ರ ನೀ ಹೆಬ್ಬಟ್ಟ ಹೊರಗ ಇಡು ಅಂತಿದ್ದಿ, ಮಾಮಾ."

ಚೇಷ್ಟೆ ಎಂದೇ ಹೇಳಲು ಹೋದೆ. ಬಾಯಿಂದ ಹೊರಗೆ ಬಂದಾಗ ಅದು ಚೇಷ್ಟೆಯಾಗಿ ಉಳಿದಿರಲಿಲ್ಲ. ಮಾಮಾ ಅನ್ನ ಕಲಸುವುದನ್ನು ನಿಲ್ಲಿಸಿದ.

"ಹೌದು, ಅಂತಿದ್ನಿ" ಎಂದ. ಬೆರಳಿಗೆ ಅಂಟಿದ ಅಗುಳು ಬಿಡಿಸುತ್ತ, "ನೀವು ಮೂರೂ ಪೋರಿಗೋಳು ದುಡ್ಯಾಕಂತ ದಿನಾ ಹೊರಗ ಹೋಗ್ತೀರಿ. ಎಲ್ಲಾ ಕಡೆ ನಾ ಬರಾಕ ಆಗೂದಿಲ್ಲ. ಸಂಗಾಟ ಕಳಸಾಕ ನನ್ನ ಕಡೆ ಇದ್ದದ್ದ ಅದೊಂದ ಮಾತು" ಎಂದ.

ಹತ್ತು ವರ್ಷ ನಾವು ನಕ್ಕದ್ದು ಇದಕ್ಕೆ. ನಾನು ತಲೆ ಎತ್ತಲಿಲ್ಲ. ಬೆರಳು ಒಳಗಿಟ್ಟು ಹೊಡೆದೆ, ತಪ್ಪಾಯಿತು ಎಂದು ಹೇಗೋ ಹೇಳಿದೆ.

"ಕೈ ಮುರದ್ರ ಮುರೀಲಿ" ಎಂದ ಮಾಮಾ. "ನೀ ಮನಿಗೆ ಬಂದೆಲಾ."

ತುತ್ತು ಎತ್ತಿ ಊದಿದ. ಎರಡು ಅಗುಳು ನನ್ನ ಮಡಿಲಿಗೆ ಬಿದ್ದವು. ನಾನು ಬಾಯಿ ತೆರೆದೆ. ಅವನಿಗೆ ಹೇಳುವುದಕ್ಕೆ ಆಮೇಲೆ ಏನೇನೋ ನೆನಪಾಯಿತು. ಆದರೆ ಮಾಮಾ ತುತ್ತಿನ ಮೇಲೆ ತುತ್ತು ಇಡುತ್ತಲೇ ಇದ್ದ.